ಮಗುಚಿದ ಜೋಡಿದೋಣಿಯನ್ನು ಎತ್ತುವ ಬಗೆ

ಕೋಲಾರದ ಚಿನ್ನದ ಗಣಿಗಳ ತಮಿಳು ಮನೆಗಳಲ್ಲಿ 'ಕಟ್ಟುಮರಂ' ಎಂಬ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ಕನ್ನಡಿಗರಿಗೂ ಅದು ಕಟ್ಟಿದ ಮರವೇ. ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಆ ತೆಪ್ಪದ ಹೆಸರನ್ನು ಇಂಗ್ಲಿಷರು 'ಕ್ಯಾಟಮರಾನ್' ಎಂದು ಒಯ್ದು, ಕೊನೆಗೆ ಎರಡು ಒಡಲುಗಳ ಹಾಯಿದೋಣಿಗೆ ಇಟ್ಟರು. ದೋಣಿಯ ಮಾದರಿಯಾದರೋ ಪೆಸಿಫಿಕ್ ದ್ವೀಪಗಳದು!

ಬಂಗಾರಪೇಟೆಗೆ ದೂರವಲ್ಲದ, ಗಣಿಗಳಿಗೆ ನೀರೊದಗಿಸಿದ ಬೇತಮಂಗಲದ ಕೆರೆಯಲ್ಲಿ ಇಂತಹುದೊಂದು ತೇಲುತ್ತಿದೆಯೆಂದು ಊಹಿಸಿರಿ. ಒಡಲುಗಳ ನಡುವಣ ಅಂತರವೇ ಅದನ್ನು ಸ್ಥಿರವಾಗಿ ನಿಲ್ಲಿಸುತ್ತದೆ. ಆದರೆ ಎರಡು ಬೆಂಡುಗಳನ್ನು ಕಡ್ಡಿಗಳಿಂದ ಜೋಡಿಸಿ ಬೋಗುಣಿಯಲ್ಲಿ ತಲೆಕೆಳಗಾಗಿ ತೇಲಬಿಡಿರಿ: ಅದು ಹಾಗೆಯೂ ಅಷ್ಟೇ ಹಟದಿಂದ ನಿಲ್ಲುವುದು. ಆದಕಾರಣ, ಮಗ್ಗುಲಾಗಿ ಬಿದ್ದ ದೋಣಿ ಪೂರ್ತಿ ಬೋರಲಾಗುವುದರೊಳಗೆ ಅದನ್ನು ಎತ್ತಬೇಕು.

ಮೊದಲು ಜೊತೆಯವರನ್ನು ಎಣಿಸಬೇಕು. ಹಾಯಿಯಡಿ ಯಾರೂ ಸಿಕ್ಕಿರಬಾರದು. ಮೇಲಿನ ಒಡಲನ್ನು ಹತ್ತಲಾಗದು. ಹತ್ತಿದರೆ ಹಾಯಿಕಂಬ ಮುಳುಗತೊಡಗುತ್ತದೆ. ಹಾಯಿಯ ಹಗ್ಗಗಳನ್ನು ಸಡಿಲಿಸಿ, ಕೆಳಗಿನ ಒಡಲಿನ ಮುಂತುದಿಯ ಕಡೆ ಭಾರವಿಟ್ಟರೆ ಆ ತುದಿ ನೀರಿಗಿಳಿದು, ಹಿಂಭಾಗವು ಗಾಳಿಗೆ ತಿರುಗಿ, ದೋಣಿಯು ಗಾಳಿಗೆ ಮುಖ ಮಾಡುತ್ತದೆ.

ಇನ್ನು ಲೆಕ್ಕ. ದೋಣಿಯ ತೂಕ 150 ಕಿಲೋಗ್ರಾಂ; ಕೆಳಗಿನ ಒಡಲಿನಿಂದ ಅದರ ಗುರುತ್ವಕೇಂದ್ರವು ಕಂಬದ ಕಡೆಗೆ 40 ಸೆಂಟಿಮೀಟರ್ ಸರಿದಿದೆ ಎನ್ನೋಣ. ಬೀಳಿಸುವ ಭ್ರಾಮಕ 60 ಕಿಲೋಗ್ರಾಂ-ಮೀಟರ್. ಮೇಲಿನ ಒಡಲಿನ ಮೇಲಿಂದ ಬಂದ ಹಗ್ಗವನ್ನು ಹಿಡಿದು, ಕೆಳಗಿನ ಒಡಲಿನ ಮೇಲೆ ನಿಂತು, ಕಂಬದ ಎದುರುದಿಕ್ಕಿಗೆ ನೆಟ್ಟಗೆ ಹಿಂದೆ ಬಾಗಿದ 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯ ಗುರುತ್ವಕೇಂದ್ರ 90 ಸೆಂಟಿಮೀಟರ್ ಹೊರಗಿದ್ದರೆ, ಅವನ ಭ್ರಾಮಕ 45 ಮಾತ್ರ. ಇಬ್ಬರು ಬಾಗಿದರೆ 90, ದೋಣಿ ಏಳುವುದು. ತೋಳ್ಬಲವನ್ನು ನೆಚ್ಚಬಾರದು: ಕೈ ಎಳೆದಷ್ಟೂ ಕಾಲು ದೋಣಿಯನ್ನು ಒತ್ತುತ್ತದೆ. ಕೆಲಸ ಮಾಡುವುದು ಹೊರಚಾಚಿದ ಮೈಯ ತೂಕ. ಆ ಮೈ ನೀರಿನಲ್ಲಿ ಮುಳುಗಿದ್ದರೆ ಆರ್ಕಿಮಿಡೀಸನ ನಿಯಮದಂತೆ ಆ ತೂಕವೂ ಕರಗಿತು!

ಆತುರಪಡಬಾರದು. ಹಾಯಿಯ ಮೇಲಣ ನೀರು ಜಾರಿಹೋಗಲು ಸಮಯ ಬೇಕು; ಅದು ಜಾರಿದೊಡನೆ ಗಾಳಿಯೇ ಹಾಯಿಯಡಿ ಹೊಕ್ಕು ಎತ್ತುತ್ತದೆ. ಅಪಾಯವಿರುವುದು ಆಮೇಲೆ. ಗುರುತ್ವಕೇಂದ್ರವು ಕೆಳಗಿನ ಒಡಲನ್ನು ದಾಟಿದ ಕ್ಷಣ ದೋಣಿ ತಾನಾಗಿ ಧಡಾರನೆ ಬೀಳುವುದು. ಮೇಲಿದ್ದ ಒಡಲು ತಲೆಗೆ ಬಡಿಯಬಹುದು, ಇಲ್ಲವೆ ಅದೇ ವೇಗದಲ್ಲಿ ದೋಣಿ ಇನ್ನೊಂದು ಮಗ್ಗುಲಿಗೆ ಉರುಳಬಹುದು. ಆದುದರಿಂದ ತಲೆ ತಗ್ಗಿಸಿ, ಕಾಲಡಿಯ ಒಡಲಿಗೇ ಜೋತುಬೀಳಬೇಕು. ಕೈಬಿಟ್ಟರೆ ದೋಣಿ ಗಾಳಿಯೊಡನೆ ಓಡಿಹೋದೀತು.

ತೇಲುಕವಚವಿಲ್ಲದೆ ಇದಾವುದಕ್ಕೂ ಕೈಹಾಕಕೂಡದು. ದೋಣಿ ಬೋರಲಾಗಿ ಏಳದಿದ್ದರೆ ಅದರ ಮೇಲೆಯೇ ಕುಳಿತು ಸಹಾಯಕ್ಕೆ ಕಾಯಬೇಕು. ದಡವು ಕಣ್ಣಿಗೆ ಹತ್ತಿರವೆನಿಸಿದರೂ ಈಜಿ ಹೊರಡಬಾರದು. ದೋಣಿಯ ಒಡಲು ದೂರದವರಿಗೂ ಕಾಣುತ್ತದೆ, ಈಜುವವನ ತಲೆ ಕಾಣದು.