ಗಾಲಿಮನೆಯ ಗಾಳಿ

ಪ್ರಾಣಿಶಾಸ್ತ್ರದ ಪ್ರಯೋಗಾಲಯದ ಬಾಗಿಲು ತೆರೆದೊಡನೆ ಮೂಗನ್ನು ಚುಚ್ಚುವ ವಾಸನೆ ನಿಮಗೆಲ್ಲ ಪರಿಚಿತ. ಗಾಜಿನ ಜಾಡಿಗಳಲ್ಲಿ ಕಪ್ಪೆ, ಹಾವು, ಮೀನುಗಳನ್ನು ಕೆಡದಂತೆ ಇಟ್ಟಿರುವ ಫಾರ್ಮಲಿನ್ ದ್ರಾವಣದ ವಾಸನೆ ಅದು. ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದರೆ ದೊರೆಯುವುದೇ ಫಾರ್ಮಲಿನ್. ಇದೇ ಅನಿಲ ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡುವ ಮನೆಗಳ ಗೋಡೆಗಳಿಂದಲೂ ಹೊರಬರುತ್ತದೆ. ಅಂಥ ಹಳೆಯ ಮನೆಯೊಂದನ್ನು ಕಡಿಮೆ ಹಣದಲ್ಲಿ ಕೊಳ್ಳುವವರ ಕಷ್ಟವನ್ನು ನಮ್ಮ ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಪೂರ್ತಿ ಹೇಳಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಅಣ್ಣನೋ ಅಕ್ಕನೋ ಇರುವ ವಿದ್ಯಾರ್ಥಿಗಳು ಇಂಥ ಗಾಡಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನೋಡಿರಬಹುದು. ಬಸ್ಸಿನಷ್ಟು ದೊಡ್ಡದು, ಒಳಗೆ ಮಂಚ, ಅಡಿಗೆಮನೆ, ಬಚ್ಚಲು, ಕಪಾಟು ಎಲ್ಲ ಇರುತ್ತವೆ. ತನ್ನದೇ ಎಂಜಿನ್ ಇದ್ದರೆ ಅದು ಮೋಟಾರ್‌ಹೋಮ್. ಎಂಜಿನ್ ಇಲ್ಲದೆ ಬೇರೆ ವಾಹನದ ಹಿಂದೆ ಎಳೆಸಿಕೊಂಡು ಹೋಗುವುದಾದರೆ ಟ್ರೈಲರ್. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನ್ನಿಬೇಗೋ ಕಂಪನಿ 1966ರಲ್ಲಿ ಮೋಟಾರ್‌ಹೋಮ್‌ಗಳನ್ನು ತಯಾರಿಸತೊಡಗಿದ ಮೇಲೆ ಇವು ಮಧ್ಯಮವರ್ಗದವರ ಕೈಗೂ ಎಟುಕಿದವು. ಬಹುತೇಕರಿಗೆ ಇದು ರಜೆಯ ಮೋಜು. ಕೆಲವರಿಗೆ ಮಾತ್ರ ಇದೇ ಮನೆ.

ಆ ಕೆಲವರಲ್ಲಿ ಒಂದು ವರ್ಗ ರಾಸಾಯನಿಕ ಸೂಕ್ಷ್ಮತೆಯಿಂದ ಬಳಲುವವರದು. ನಮಗೆ ಹಿತವೆನಿಸುವ ಸೆಂಟು, ನೆಲ ಒರೆಸುವ ದ್ರವ, ಹೊಸ ಬಣ್ಣ, ಕೀಟನಾಶಕ ಇವುಗಳ ಅತ್ಯಲ್ಪ ಪ್ರಮಾಣವೂ ಇವರಿಗೆ ತಲೆನೋವು, ಉಸಿರುಕಟ್ಟು, ತಲೆಸುತ್ತು, ಮಂಕು ಹಿಡಿದಂಥ ಸ್ಥಿತಿ ತರುತ್ತದೆಂದು ಅವರು ಹೇಳುತ್ತಾರೆ. ಶಿಕಾಗೋದ ಅಲರ್ಜಿ ತಜ್ಞ ಥೆರಾನ್ ರ‍್ಯಾಂಡಾಲ್ಫ್ 1950ರ ದಶಕದಿಂದಲೇ ಇಂಥ ರೋಗಿಗಳ ಬಗ್ಗೆ ಬರೆದರು. 1987ರಲ್ಲಿ ಮಾರ್ಕ್ ಕಲೆನ್ ಎಂಬ ವೈದ್ಯರು ಇದಕ್ಕೆ ಬಹುರಾಸಾಯನಿಕ ಸೂಕ್ಷ್ಮತೆ ಎಂಬ ಹೆಸರನ್ನು ಬಳಕೆಗೆ ತಂದರು. ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇನ್ನೊಂದು ಮಾತನ್ನೂ ತಿಳಿದಿರಬೇಕು. ಬಹುಪಾಲು ವೈದ್ಯ ಸಂಸ್ಥೆಗಳು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಇನ್ನೂ ಒಪ್ಪಿಲ್ಲ. ವಾಸನೆಯನ್ನು ಮರೆಮಾಡಿ ನಡೆಸಿದ ಪರೀಕ್ಷೆಗಳಲ್ಲಿ ಅನೇಕ ರೋಗಿಗಳು ರಾಸಾಯನಿಕವಿರುವ ಗಾಳಿಯನ್ನೂ ಶುದ್ಧ ಗಾಳಿಯನ್ನೂ ಬೇರೆಬೇರೆಯಾಗಿ ಗುರುತಿಸಲಿಲ್ಲ. ಕಾರಣದ ಬಗ್ಗೆ ವಾದವಿದೆ, ನರಳಾಟ ಮಾತ್ರ ಸುಳ್ಳಲ್ಲ. ಕೆಲಸ ಬಿಟ್ಟವರು, ಬಾಡಿಗೆ ಮನೆಯಿಂದ ಮನೆಗೆ ಅಲೆದವರು ಇವರಲ್ಲಿದ್ದಾರೆ. ಪಕ್ಕದ ಮನೆಯವರು ಔಷಧಿ ಸಿಂಪಡಿಸಿದರೆ ಗಾಡಿ ಹತ್ತಿ ಬೇರೆಡೆ ಹೋಗಬಹುದಲ್ಲ ಎಂಬ ಆಸೆಯಿಂದ ಉಳಿಕೆಯ ಹಣವನ್ನೆಲ್ಲ ಹಾಕಿ ಹಳೆಯ ಗಾಲಿಮನೆ ಕೊಳ್ಳಲು ಹೊರಡುತ್ತಾರೆ. ಆಯ್ಕೆ ತಪ್ಪಿದರೆ ಕಾಯಿಲೆಯೂ ಉಳಿಯಿತು, ಹಣವೂ ಹೋಯಿತು.

ಈ ಗಾಡಿಗಳಲ್ಲಿ ಅನಿಲ ಎಲ್ಲಿಂದ ಬರುತ್ತದೆ? ಗಾಡಿ ಹಗುರವಾಗಿರಬೇಕು, ಅಗ್ಗವಾಗಿಯೂ ಇರಬೇಕು. ಆದ್ದರಿಂದ ಒಳಗೋಡೆ, ಕಪಾಟು, ಮಂಚದ ಪೆಟ್ಟಿಗೆಗಳಿಗೆ ತೆಳು ಪ್ಲೈವುಡ್ಡು ಮತ್ತು ಮರದ ಹೊಟ್ಟನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಬಳಸುತ್ತಾರೆ. ಆ ಅಂಟು ಬಹಳ ಕಾಲ ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿದ ರಾಳವೇ ಆಗಿತ್ತು. ಅಗ್ಗ, ಬಣ್ಣವಿಲ್ಲ, ಬೇಗ ಗಟ್ಟಿಯಾಗುತ್ತದೆ. ದೋಷವೆಂದರೆ ತೇವಾಂಶ ಮತ್ತು ಶಾಖ ತಗುಲಿದಾಗ ಈ ರಾಳದ ಬಂಧಗಳು ಸ್ವಲ್ಪಸ್ವಲ್ಪವೇ ಕಳಚಿ ಫಾರ್ಮಾಲ್ಡಿಹೈಡ್ ಮತ್ತೆ ಬಿಡುಗಡೆಯಾಗುತ್ತದೆ. ಉಷ್ಣತೆ 5-6 ಡಿಗ್ರಿ ಸೆಲ್ಸಿಯಸ್ ಏರಿದರೆ ಹೊರಬರುವ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೊರಗೋಡೆಗೆ ಬಳಸುವ ಪ್ಲೈವುಡ್ಡಿನಲ್ಲಿರುವುದು ಫೀನಾಲ್ ಸೇರಿದ ಕಡುಬಣ್ಣದ ರಾಳ. ಅದು ಬಹಳ ಗಟ್ಟಿ, ಅನಿಲ ಬಿಡುವುದು ತೀರ ಕಡಿಮೆ.

ಒಂದು ಸಣ್ಣ ಲೆಕ್ಕ ಮಾಡೋಣ. 6 ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಎತ್ತರದ ಗಾಲಿಮನೆಯ ಒಳಗಿನ ಗಾಳಿ 24 ಘನ ಮೀಟರ್. ನೆಲ, ಛಾವಣಿ, ಗೋಡೆಗಳ ಒಟ್ಟು ಮೇಲ್ಮೈ 56 ಚದರ ಮೀಟರ್. ಇನ್ನು 10 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ನಿಮ್ಮ ತರಗತಿಯನ್ನು ತೆಗೆದುಕೊಳ್ಳಿ. ಗಾಳಿ 180 ಘನ ಮೀಟರ್, ಮೇಲ್ಮೈ 216 ಚದರ ಮೀಟರ್. ಪ್ರತಿ ಘನ ಮೀಟರ್ ಗಾಳಿಗೆ ತರಗತಿಯಲ್ಲಿ 1.2 ಚದರ ಮೀಟರ್ ಗೋಡೆಯಾದರೆ ಗಾಲಿಮನೆಯಲ್ಲಿ 2.3. ಕಪಾಟುಗಳ ಒಳಹೊರಗನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಜೊತೆಗೆ ತರಗತಿಯ ಗೋಡೆ ಇಟ್ಟಿಗೆಯದು, ಇಲ್ಲಿಯದು ಅಂಟಿನ ಹಲಗೆಯದು. ಒಂದು ಚಿತ್ರೀಕರಣಕ್ಕೆ ರಾತ್ರೋರಾತ್ರಿ ಪ್ಲೈವುಡ್ಡಿನ ಸೆಟ್ಟು ಕಟ್ಟಿ ಬಣ್ಣ ಬಳಿದು ಬೆಳಿಗ್ಗೆ ದೀಪ ಹಾಕಿದಾಗ, ಅತಿಥಿಗಳ ಕಣ್ಣಲ್ಲಿ ನೀರು ಸುರಿದದ್ದನ್ನು ನಾನೇ ಕಂಡಿದ್ದೇನೆ. ಭಾವುಕರಾದರೆಂದು ಕ್ಯಾಮೆರಾದವರು ಹತ್ತಿರದ ಚಿತ್ರ ತೆಗೆದದ್ದೂ ಆಯಿತು! ದೀಪದ ಶಾಖ ಮಾಡಿದ ಕೆಲಸ ಅದು.

ಈ ವಿಷಯ ಇಡೀ ಅಮೆರಿಕಕ್ಕೆ ತಿಳಿದದ್ದು ಒಂದು ಚಂಡಮಾರುತದ ನಂತರ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಲೂಸಿಯಾನಾ ತೀರಕ್ಕೆ ಅಪ್ಪಳಿಸಿತು. ಮನೆ ಕಳೆದುಕೊಂಡವರಿಗಾಗಿ ಅಲ್ಲಿನ ಕೇಂದ್ರ ಸರ್ಕಾರ ಲಕ್ಷಕ್ಕೂ ಹೆಚ್ಚು ಟ್ರೈಲರ್ ಮತ್ತು ಸಾಗಿಸಬಹುದಾದ ಮನೆಗಳನ್ನು ತರಾತುರಿಯಲ್ಲಿ ಕೊಂಡಿತು. ಸೆಖೆ ಮತ್ತು ತೇವದ ಆ ಪ್ರದೇಶದಲ್ಲಿ ಕಿಟಕಿ ಮುಚ್ಚಿ ಬದುಕಿದವರಿಗೆ ಕಣ್ಣುರಿ, ಮೂಗಿನಲ್ಲಿ ರಕ್ತ, ಕೆಮ್ಮು ಶುರುವಾಯಿತು. 2006ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ಕೆಲವು ಟ್ರೈಲರುಗಳ ಗಾಳಿ ಪರೀಕ್ಷಿಸಿ ಗುಲ್ಲೆಬ್ಬಿಸಿತು. ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿಗಳು 2007ರ ಡಿಸೆಂಬರ್ ಮತ್ತು 2008ರ ಜನವರಿಯಲ್ಲಿ 519 ಮನೆಗಳನ್ನು ಅಳೆದರು. ಸರಾಸರಿ ಪ್ರಮಾಣ ಗಾಳಿಯ 100 ಕೋಟಿ ಭಾಗದಲ್ಲಿ 77 ಭಾಗ. ಅತಿ ಕಡಿಮೆ 3, ಅತಿ ಹೆಚ್ಚು 590. ವಿಶ್ವ ಆರೋಗ್ಯ ಸಂಸ್ಥೆ ಅರ್ಧ ಗಂಟೆಯ ಸರಾಸರಿಗೆ ಹಾಕಿರುವ ಮಿತಿ ಸುಮಾರು 80. ಅಂದರೆ ಸರಾಸರಿಯೇ ಮಿತಿಯ ಅಂಚಿನಲ್ಲಿತ್ತು, ಅದೂ ಚಳಿಗಾಲದ ಅಳತೆಯಲ್ಲಿ. ಬೇಸಿಗೆಯಲ್ಲಿ ಎಷ್ಟಿದ್ದಿರಬಹುದು, ಮೇಲೆ ಹೇಳಿದ ಇಮ್ಮಡಿಯ ಸೂತ್ರದಿಂದ ನೀವೇ ಊಹಿಸಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿತ್ತು.

ಹಳೆಯ ಗಾಡಿ ಕೊಳ್ಳುವವರಿಗೆ ಮುಖ್ಯವಾದದ್ದು ಮುಂದಿನ ಭಾಗ. 2010ರಲ್ಲಿ ಸರ್ಕಾರ ಈ ಟ್ರೈಲರುಗಳಲ್ಲಿ ಬಹುಪಾಲನ್ನು ಹರಾಜು ಹಾಕಿತು. ವಾಸಕ್ಕೆ ಬಳಸಬಾರದು ಎಂಬ ಚೀಟಿ ಅವುಗಳ ಮೇಲೆ ಅಂಟಿಸಿತ್ತು. ಚೀಟಿ ಕೀಳುವುದೇನು ಮಹಾ ಕೆಲಸ? ಅದೇ ವರ್ಷ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಸೋರಿದಾಗ ಶುಚಿಗೊಳಿಸಲು ಬಂದ ಕೆಲಸಗಾರರು ಇವುಗಳಲ್ಲೇ ಮಲಗುತ್ತಿದ್ದುದು ಪತ್ರಿಕೆಗಳಲ್ಲಿ ವರದಿಯಾಯಿತು. ಆದ್ದರಿಂದ 2005-06ರ ಸುಮಾರಿನ, ತೀರ ಸಾದಾ, ಅನುಮಾನ ಬರುವಷ್ಟು ಅಗ್ಗದ ಟ್ರೈಲರ್ ಕಂಡರೆ ಅದರ ಪೂರ್ವಚರಿತ್ರೆ ಕೇಳಲೇಬೇಕು. ಅಲ್ಲಿ ಪ್ರತಿ ವಾಹನಕ್ಕೂ ಅಕ್ಷರ ಮತ್ತು ಅಂಕಿ ಸೇರಿ 17 ಸ್ಥಾನಗಳ ಗುರುತು ಸಂಖ್ಯೆ ಇರುತ್ತದೆ. ಅದರ ಮೂಲಕ ಹಿಂದಿನ ನೋಂದಣಿ, ಪ್ರವಾಹದಲ್ಲಿ ಮುಳುಗಿದ ದಾಖಲೆ ಇದ್ದರೆ ಅದನ್ನು ತಿಳಿಯಬಹುದು. ಸಾಗಿಸಬಹುದಾದ ಮನೆಗಳ ಹಲಗೆಗಳಿಗೆ 1980ರ ದಶಕದಿಂದಲೇ ಮಿತಿ ಇತ್ತಾದರೂ ಪ್ರವಾಸದ ಗಾಡಿಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಈ ಗಲಾಟೆಯೆಲ್ಲ ಆದ ಬಳಿಕ 2010ರಲ್ಲಿ ಅಂಟಿನ ಹಲಗೆಗಳ ಬಗ್ಗೆ ಹೊಸ ಕಾಯಿದೆ ಬಂತು. ಹೊಸ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇದ್ದರೂ ಪ್ರವಾಸದ ಗಾಡಿಗಳಿಗೆ ವಿನಾಯಿತಿ ಕೊಡಲಿಲ್ಲ. ಅದರ ನಿಯಮಗಳು ಪೂರ್ತಿಯಾಗಿ ಜಾರಿಗೆ ಬಂದದ್ದು 2018-19ರಲ್ಲಿ.

ಹಾಗಾದರೆ 2019ರ ನಂತರದ್ದನ್ನೇ ಕೊಂಡರೆ ಆಯಿತಲ್ಲ ಎನ್ನುತ್ತೀರಿ. ಹಣ ಬೇಕಲ್ಲ! ಕಡಿಮೆ ಹಣದವರಿಗೆ ಉಳಿಯುವುದು ಕಾಲದ ಸಹಾಯ. ಹಲಗೆಯಿಂದ ಅನಿಲ ಮೊದಲ ಒಂದೆರಡು ವರ್ಷ ಜೋರಾಗಿ ಬಂದು ಕ್ರಮೇಣ ಇಳಿಯುತ್ತದೆ. ಇಪ್ಪತ್ತು ವರ್ಷದ ಗಾಡಿಯಲ್ಲಿ ಅದರ ಕಾಟ ಬಹಳ ಮಟ್ಟಿಗೆ ಮುಗಿದಿರುತ್ತದೆ. ಆದರೆ ಕಾಲ ಒಂದನ್ನು ಹೊರಗೆ ಹಾಕುತ್ತಾ ಇನ್ನೆರಡನ್ನು ಒಳಗೆ ತರುತ್ತದೆ. ಒಂದು ನೀರು, ಇನ್ನೊಂದು ಹಿಂದಿನ ಮಾಲೀಕರ ಅಭ್ಯಾಸಗಳು. ಹಳೆಯ ಗಾಲಿಮನೆಯ ಪರೀಕ್ಷೆಯೆಂದರೆ ಮುಖ್ಯವಾಗಿ ಈ ಎರಡರ ಪತ್ತೆ.

ನೀರು ಬರುವುದು ಛಾವಣಿಯ ಕೀಲುಗಳಿಂದ, ಕಿಟಕಿಯ ಅಂಚಿನಿಂದ. ಚಾಲಕನ ತಲೆಯ ಮೇಲೆ ಮಂಚ ಚಾಚಿಕೊಂಡಿರುವ ಮಾದರಿಗಳಲ್ಲಿ ಆ ಮಂಚದ ಮೂಲೆಗಳು ಸೋರುವುದಕ್ಕೆ ಕುಖ್ಯಾತ. ಒಳಗೆ ಬೂಷ್ಟು ಹಿಡಿದರೆ ಸೂಕ್ಷ್ಮ ದೇಹದವರಿಗೆ ಫಾರ್ಮಾಲ್ಡಿಹೈಡ್‌ಗಿಂತ ಅದೇ ದೊಡ್ಡ ತೊಂದರೆ. ಹೊರಗೋಡೆಯನ್ನು ಅಂಗೈಯಿಂದ ಒತ್ತುತ್ತಾ ಸುತ್ತು ಬನ್ನಿ. ಎಲ್ಲಾದರೂ ಉಬ್ಬಿದ್ದರೆ, ಮೆತ್ತಗಿದ್ದರೆ ಒಳಗಿನ ಹಲಗೆ ನೆನೆದು ಪದರ ಬಿಟ್ಟಿದೆ ಎಂದೇ ಅರ್ಥ. ಮಂಚದ ಹಾಸಿಗೆ ಎತ್ತಿ ನೋಡಿ, ಕಪಾಟಿನ ಹಿಂದಿನ ಮೂಲೆಗೆ ಟಾರ್ಚು ಬಿಡಿ. ತೇವಾಂಶ ಅಳೆಯುವ ಎರಡು ಮುಳ್ಳಿನ ಪುಟ್ಟ ಉಪಕರಣ ಅಲ್ಲಿನ ಅಂಗಡಿಗಳಲ್ಲಿ ಅಗ್ಗವಾಗಿಯೇ ಸಿಗುತ್ತದೆ. ಮರದಲ್ಲಿ ಶೇಕಡ 20ಕ್ಕಿಂತ ಹೆಚ್ಚು ತೋರಿಸಿದರೆ ಬೆಲೆ ಚೌಕಾಸಿಗೂ ನಿಲ್ಲದೆ ಹೊರಟುಬಿಡುವುದು ಲೇಸು. ಒಣಗಿದ ಹಳೆಯ ಕಲೆಗೆ ಇಷ್ಟು ಹೆದರಬೇಕಾಗಿಲ್ಲ, ಸೋರಿಕೆ ನಿಂತಿದೆಯೆಂದು ಖಾತ್ರಿಯಾದರೆ ಸಾಕು.

ಹಿಂದಿನವರ ಅಭ್ಯಾಸಗಳು ಇನ್ನೂ ಹಟಮಾರಿ. ಸಿಗರೇಟಿನ ಹೊಗೆ ಪರದೆ, ಸ್ಪಂಜು, ಗೋಡೆಯ ಹಲಗೆಗಳಲ್ಲಿ ಇಳಿದು ವರ್ಷಗಟ್ಟಲೆ ಹೊರಬರುತ್ತಿರುತ್ತದೆ. ಚಳಿಗಾಲದಲ್ಲಿ ಗಾಡಿ ನಿಲ್ಲಿಸುವಾಗ ಇಲಿ ಬಾರದಿರಲೆಂದು ಕೆಲವರು ನುಸಿಗುಳಿಗೆಯನ್ನೂ, ಬಟ್ಟೆ ಒಣಗಿಸುವ ಯಂತ್ರದಲ್ಲಿ ಹಾಕುವ ಸುವಾಸನೆಯ ಹಾಳೆಗಳನ್ನೂ ಡ್ರಾಯರುಗಳಿಗೆ ತುಂಬುತ್ತಾರೆ. ಇಲಿ ಹೋಗುತ್ತದೋ ಇಲ್ಲವೋ, ವಾಸನೆ ಹೋಗುವುದಿಲ್ಲ. ಪಾಯಿಖಾನೆಯ ಟ್ಯಾಂಕಿಗೆ ಹಾಕುವ ಕೆಲವು ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಹಾಗಾಗಿ ನೋಡಲು ಹೋಗುವ ವಾರದ ಮೊದಲೇ ಫೋನಿನಲ್ಲಿ ಕೇಳಬೇಕು. ಧೂಮಪಾನ ಇತ್ತೆ, ಕೀಟನಾಶಕ ಹೊಡೆಸಿದ್ದಿರಾ, ನುಸಿಗುಳಿಗೆ ಇಟ್ಟಿದ್ದಿರಾ? ದಯವಿಟ್ಟು ನಾವು ಬರುವವರೆಗೆ ಸುಗಂಧ ಸಿಂಪಡಿಸಬೇಡಿ, ಕಿಟಕಿ ತೆರೆಯಲೂ ಬೇಡಿ ಎಂದೂ ಹೇಳಬೇಕು. ಮುಚ್ಚಿದ ಗಾಡಿ ಮಧ್ಯಾಹ್ನದ ಬಿಸಿಲಿನಲ್ಲಿ ತನ್ನ ಗುಟ್ಟನ್ನೆಲ್ಲ ಹೇಳುತ್ತದೆ. ಮೊದಲು ಒಳಗೆ ಹೋಗಬೇಕಾದವರು ರೋಗಿಯಲ್ಲ, ಜೊತೆಗೆ ಬಂದ ಸ್ನೇಹಿತರು. ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿಹೋಗುವುದರಿಂದ ಹೊರಗೆ ಬಂದು ಸ್ವಲ್ಪ ಅಡ್ಡಾಡಿ ಮತ್ತೆ ಒಳಹೊಕ್ಕು ನೋಡಬೇಕು.

ವಾಸನೆ ಹೋಗಲೆಂದು ಓಝೋನ್ ಯಂತ್ರ ಹಾಕಿಸಿ ಕೊಡುತ್ತೇವೆ ಎಂದು ಮಾರುವವರು ಹೇಳುವುದುಂಟು. ಒಪ್ಪಲೇಬೇಡಿ. ಓಝೋನ್ ಸ್ವತಃ ಶ್ವಾಸಕೋಶಕ್ಕೆ ಕೆಟ್ಟದ್ದು. ಅಷ್ಟೇ ಅಲ್ಲ, ನಿಂಬೆಯ ಪರಿಮಳ ಕೊಡುವ ಲಿಮೊನೀನ್‌ನಂಥ ವಸ್ತುಗಳೊಡನೆ ವರ್ತಿಸಿ ಹೊಸದಾಗಿ ಫಾರ್ಮಾಲ್ಡಿಹೈಡನ್ನೇ ಹುಟ್ಟಿಸುತ್ತದೆ. ಕಳ್ಳನನ್ನು ಓಡಿಸಲು ಅವನ ಅಣ್ಣನನ್ನೇ ಕರೆತಂದ ಹಾಗೆ!

ಹೊರಮೈ ಯಾವುದು ಎಂಬುದೂ ಮುಖ್ಯ. ನನಗೆ ಕೇಳಿದರೆ, ಇಪ್ಪತ್ತು ವರ್ಷ ದಾಟಿದ, ಒಣಗಿರುವ, ಒಳಗೆ ಲೋಹ ಅಥವಾ ಫೈಬರ್‌ಗ್ಲಾಸ್ ಹೆಚ್ಚಾಗಿ ಮರ ಕಡಿಮೆ ಇರುವ ಗಾಡಿ ಒಳ್ಳೆಯದು. ಅಚ್ಚಿನಲ್ಲಿ ಎರಕ ಹೊಯ್ದಂತೆ ಎರಡು ಚಿಪ್ಪು ಜೋಡಿಸಿ ಮಾಡಿದ ಫೈಬರ್‌ಗ್ಲಾಸ್ ಟ್ರೈಲರುಗಳಲ್ಲಿ ಕೀಲು ಕಡಿಮೆ, ಸೋರಿಕೆಯೂ ಕಡಿಮೆ. ಹೊಸದಿದ್ದಾಗ ಸ್ಟೈರೀನ್ ವಾಸನೆ ಬರುತ್ತದೆ, ವರ್ಷಗಳಲ್ಲಿ ಅದು ಇಳಿಯುತ್ತದೆ. ಟ್ರೈಲರಿಗೆ ಇನ್ನೊಂದು ಅನುಕೂಲವಿದೆ, ಎಂಜಿನ್ನು ಮಲಗುವ ಕೋಣೆಯ ಜೊತೆ ಇರುವುದಿಲ್ಲ. ಮೋಟಾರ್‌ಹೋಮೇ ಬೇಕೆಂದರೆ ಮುಂದಿನ ಎರಡು ಸೀಟುಗಳ ನಡುವೆ ಎಂಜಿನ್ ಮುಚ್ಚುವ ಪೆಟ್ಟಿಗೆಯಿದ್ದಲ್ಲಿ ಅದರ ಅಂಚಿನ ರಬ್ಬರನ್ನು ಪರೀಕ್ಷಿಸಿ. ಅದು ಹರಿದಿದ್ದರೆ ಪೆಟ್ರೋಲಿನ ಆವಿಯೂ ಹೊಗೆಯೂ ನೇರ ಒಳಗೆ ಬರುತ್ತವೆ. ಹಳೆಯ ಗಾಡಿಗಳ ಫ್ರಿಜ್ಜು ಗ್ಯಾಸಿನ ಉರಿಯಿಂದ ನಡೆಯುವ ಬಗೆಯದು, ಅದರೊಳಗೆ ಅಮೋನಿಯಾ ಇರುತ್ತದೆ. ಮೂಗು ಬಿರಿಯುವ ವಾಸನೆ ಬಂದರೆ ಅಥವಾ ಹಿಂಭಾಗದ ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ ಅದು ಸೋರಿದೆ.

ಇಷ್ಟೆಲ್ಲ ನೋಡಿ ಮನಸ್ಸು ಒಪ್ಪಿದರೂ ಹಣ ಕೊಡುವ ಮೊದಲು ಎರಡು ಕೆಲಸ ಬಾಕಿ. ಫಾರ್ಮಾಲ್ಡಿಹೈಡ್ ಹೀರಿಕೊಳ್ಳುವ ಪುಟ್ಟ ಬ್ಯಾಡ್ಜೊಂದನ್ನು ಮುಚ್ಚಿದ ಗಾಡಿಯೊಳಗೆ ಅದರ ಮೇಲೆ ಸೂಚಿಸಿದಷ್ಟು ಹೊತ್ತು ತೂಗುಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ಅಂಗಡಿಯಲ್ಲಿ ಸಿಗುವ ಅಗ್ಗದ ಎಲೆಕ್ಟ್ರಾನಿಕ್ ಮೀಟರುಗಳು ಮದ್ಯಸಾರದ ಆವಿಯನ್ನೂ ಫಾರ್ಮಾಲ್ಡಿಹೈಡ್ ಎಂದು ಓದುವುದುಂಟು, ಅವನ್ನು ನಂಬಲಾಗದು. ಇನ್ನೊಂದು, ಒಂದು ರಾತ್ರಿಯ ಬಾಡಿಗೆ ಕೊಟ್ಟಾದರೂ ಸರಿ, ಅದರಲ್ಲೇ ಮಲಗಿ ನೋಡಬೇಕು. ತಮ್ಮದೇ ಹತ್ತಿಯ ಹಾಸಿಗೆ ಒಯ್ದು, ಗ್ಯಾಸು ಮುಚ್ಚಿ, ಎಂಜಿನ್ ಆರಿಸಿ, ಕಿಟಕಿ ಹಾಕಿಕೊಂಡು ಮಲಗಬೇಕು. ಬೆಳಿಗ್ಗೆ ಎದ್ದಾಗ ತಲೆ ಹೇಗಿದೆ ಎಂಬುದರ ಮೇಲೆ ಚೆಕ್ಕು ಬರೆಯುವುದೋ ಬೇಡವೋ ಎಂಬುದು ಇತ್ಯರ್ಥವಾಗುತ್ತದೆ.