ಕದ್ದ ಹಣಕ್ಕೆ ಗಡಿಯಿಲ್ಲ

1968ರ ಮಾರ್ಚ್ ತಿಂಗಳಲ್ಲಿ ಜೂರಿಕ್ ನಗರದ ಬ್ಯಾಂಕೊಂದರಲ್ಲಿ ವಿಲಿಯಂ ಸಾಂಡರ್ಸ್, ಜೇನ್ ರಯನ್ ಎಂಬ ಹೆಸರುಗಳಲ್ಲಿ ಖಾತೆಗಳು ತೆರೆದುವು. ಆ ಹೆಸರುಗಳ ಮರೆಯಲ್ಲಿ ರುಜು ಹಾಕಿದವರು ಫಿಲಿಪ್ಪೀನ್ಸಿನ ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸನೂ ಅವನ ಪತ್ನಿ ಇಮೆಲ್ಡಾಳೂ. ಇಪ್ಪತ್ತು ವರ್ಷಗಳ ಅಧಿಕಾರದಲ್ಲಿ ದಂಪತಿಗಳಿಬ್ಬರ ನ್ಯಾಯವಾದ ವರಮಾನ ಸುಮಾರು 3 ಲಕ್ಷ 4 ಸಾವಿರ ಡಾಲರು ಮಾತ್ರವೆಂದು ಮನಿಲಾದ ಸರ್ವೋಚ್ಚ ನ್ಯಾಯಾಲಯವು ಲೆಕ್ಕಹಾಕಿತು. ಸ್ವಿಸ್ ಖಾತೆಗಳಿಂದ ಹೊರಬಿದ್ದುದಾದರೋ, ಬಡ್ಡಿ ಸೇರಿ, 65 ಕೋಟಿಗೆ ಮೀರಿದ ಡಾಲರು.

ಜನಾಂಗಹತ್ಯೆ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ: ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ವಿಚಾರಿಸುವುದು ಈ ನಾಲ್ಕನ್ನೇ. ಬೊಕ್ಕಸವನ್ನು ಬರಿದುಮಾಡಿದವನು ಅದರ ಬಾಗಿಲಿಗೆ ಅಂಜಬೇಕಾಗಿಲ್ಲ. 2003ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ, 2011ರಲ್ಲಿ ಭಾರತವೂ ಸ್ಥಿರೀಕರಿಸಿದ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯೊಂದು ಉಂಟು. ಆದರೆ ಶಿಕ್ಷಿಸುವ ಹೊಣೆಯನ್ನು ಅದು ಆಯಾ ದೇಶದ ನ್ಯಾಯಸ್ಥಾನಗಳಿಗೇ ಬಿಟ್ಟಿದೆ. ಪೊಲೀಸರನ್ನು ನೇಮಿಸುವವನೂ, ನ್ಯಾಯಾಧೀಶರನ್ನು ಆರಿಸುವವನೂ, 1972ರಲ್ಲಿ ಮಾರ್ಕೋಸನು ಮಾಡಿದಂತೆ ಸೈನಿಕ ಶಾಸನವನ್ನು ಸಾರಿ ಪತ್ರಿಕೆಗಳ ಬಾಯಿ ಮುಚ್ಚಿಸುವವನೂ ಒಬ್ಬನೇ ಆಗಿರುವ ನಾಡಿನಲ್ಲಿ ಆ ಹೊಣೆಯನ್ನು ಹೊರತಕ್ಕವರು ಯಾರು?

ಈ ಕೊರತೆಯನ್ನು ನೀಗಲೆಂದೇ ಅಮೆರಿಕದ ನ್ಯಾಯಾಧೀಶ ಮಾರ್ಕ್ ವುಲ್ಫ್ ಅವರು 2014ರಲ್ಲಿ ಭ್ರಷ್ಟಾಚಾರದ ವಿಚಾರಣೆಗೆ ಪ್ರತ್ಯೇಕವಾದೊಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಸೂಚಿಸಿದರು. ಬಲಿಷ್ಠ ರಾಷ್ಟ್ರಗಳು ಬಡ ರಾಷ್ಟ್ರಗಳ ಕಿವಿ ಹಿಂಡಲು ಅದನ್ನು ಬಳಸಿಯಾವೆಂಬ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಆದರೂ ನನಗೆ ತೋರುವ ಮಟ್ಟಿಗೆ, ಹಣವು ಗಡಿ ದಾಟಿದಾಗಲೇ ಕಳವು ಅಂತರರಾಷ್ಟ್ರೀಯವಾಯಿತು; ಹಿಂದೆ ಬಿದ್ದಿರುವುದು ನ್ಯಾಯವೊಂದೇ. ಕಳವಿನ ಮಾಲೆಂದು ಬಲ್ಲವನಾಗಿಯೂ ಅದನ್ನು ತಿಜೋರಿಯಲ್ಲಿಟ್ಟುಕೊಂಡವನನ್ನು ಕಟಕಟೆಗೆ ತಾರದ ಕಾನೂನು ಬಂದುದೇ ಆದರೆ, ಅದು ಎತ್ತು ಕದ್ದವನಿಗೆ ದಂಡ ಹಾಕಿ, ಸಂತೆಯಲ್ಲಿ ಅದನ್ನು ಅರೆಬೆಲೆಗೆ ಕೊಂಡವನಿಗೆ ವೀಳ್ಯ ಕೊಟ್ಟು ಕಳುಹಿಸಿದ ಪಂಚಾಯಿತಿಯಂತಾದೀತು.

ಮಾರ್ಕೋಸನ ಖಾತೆಗಳಿಗೆ ಸ್ವಿಸ್ ಸರ್ಕಾರವು ತಡೆಯೊಡ್ಡಿದುದು, ಅವನು ಪದಚ್ಯುತನಾಗಿ ಹವಾಯಿಗೆ ಓಡಿದ ಮರುತಿಂಗಳು, 1986ರ ಮಾರ್ಚ್ 24ರಂದು. ಹಣವು ಫಿಲಿಪ್ಪೀನ್ಸಿಗೆ ಸೇರತಕ್ಕದ್ದೆಂಬ ತೀರ್ಪು ಬಂದುದು 2003ರ ಜುಲೈಯಲ್ಲಿ. ಅಷ್ಟರಲ್ಲಿ ಅವನು ಹೊನೊಲುಲುವಿನಲ್ಲಿ ತೀರಿಕೊಂಡು ಹದಿನಾಲ್ಕು ವರ್ಷಗಳು ಸಮೀಪಿಸಿದ್ದುವು. ಅವನ ಆಳ್ವಿಕೆಯಲ್ಲಿ ಸೆರೆ, ಚಿತ್ರಹಿಂಸೆ, ಕೊಲೆಗಳಿಗೆ ಈಡಾದವರಿಗೆಂದು ಆ ಹಣದಿಂದ 1,000 ಕೋಟಿ ಪೆಸೊಗಳನ್ನು ತೆಗೆದಿರಿಸುವ ಶಾಸನವು 2013ರಲ್ಲಿ ಬಂದಿತು. ಅರ್ಜಿ ಹಿಡಿದು ಬಂದವರು 75,000ಕ್ಕೂ ಮಿಕ್ಕವರು, ದಶಕಗಳ ಹಿಂದಿನ ಗಾಯಕ್ಕೆ ಸಾಕ್ಷ್ಯವನ್ನೊದಗಿಸಿ ಪರಿಹಾರಕ್ಕೆ ಅರ್ಹರೆನಿಸಿದವರು 11,103 ಮಂದಿ.