ಹಳೆಯ ಬೆಂಚು, ಹೊಸ ಎರಕ

ಹುಕ್ಕೇರಿ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ, ಮೂಡಲಗಿಗೂ ಇಲ್ಲ. ಈ ಊರುಗಳ ಜನ ರೈಲು ಹಿಡಿಯಲು ಘಟಪ್ರಭಾ ಇಲ್ಲವೇ ಗೋಕಾಕ ರೋಡ್ ನಿಲ್ದಾಣಕ್ಕೆ ಬರುತ್ತಾರೆ. ಬಸ್ಸಿಳಿದು, ಟಿಕೇಟು ತೆಗೆದು, ಗಂಟುಮೂಟೆ ಕೆಳಗಿಟ್ಟ ಮೇಲೆ ಎಲ್ಲರ ಕಣ್ಣೂ ಹುಡುಕುವುದು ಒಂದನ್ನೇ: ಖಾಲಿ ಬೆಂಚು.

ಬೆಳಗಾವಿ–ಮೀರಜ ನಡುವಿನ ಈ ಹಳಿಯನ್ನು 1880ರ ದಶಕದಲ್ಲಿ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ನವೀಕರಣಗೊಂಡ ಗೋಕಾಕ ರೋಡ್ ನಿಲ್ದಾಣ 2025ರ ಮೇ 22ರಂದು ಉದ್ಘಾಟನೆಯಾಯಿತು. ಪ್ರಯಾಣಿಕರಿಗೆ ಇಂಥ ಬದಲಾವಣೆ ಬೇಕೇ ಬೇಕು. ಆದರೆ ಎಲ್ಲ ಕಡೆಯೂ ಹೀಗೆ ನಿಲ್ದಾಣ ಹೊಸದಾಗುವಾಗ ಹಳೆಯ ಮರದ ಬೆಂಚುಗಳು ಸದ್ದಿಲ್ಲದೆ ಮೂಲೆ ಸೇರುತ್ತವೆ. ಅವುಗಳ ಅಳತೆ ಬರೆದಿಟ್ಟುಕೊಂಡವರು ಕಡಿಮೆ.

ಇಂಗ್ಲೆಂಡಿನಲ್ಲಿ ಇಂಥ ಬೆಂಚುಗಳಿಗೆ ದೊಡ್ಡ ಅಭಿಮಾನಿ ಬಳಗವೇ ಇದೆ. ಅಲ್ಲಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಬೆಂಚುಗಳಿಗೆ ಎರಕದ ಕಬ್ಬಿಣದ ಕಾಲು, ಅದರಲ್ಲಿ ಕಂಪನಿಯ ಮೂರಕ್ಷರ. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾಗಿ ಕಂಪನಿ ಹೋಯಿತು. ಬೆಂಚಿನ ಮೋಹ ಹೋಗಲಿಲ್ಲ. ಅಸಲಿ ಬೆಂಚು ಎಲ್ಲರಿಗೂ ಸಿಗುವುದಿಲ್ಲ. ಹೀಗಾಗಿ ಉಗಿಬಂಡಿ ಓಡಿಸುವ ಸಂಘಗಳಿಗೆ, ಮನೆಯ ತೋಟದಲ್ಲಿ ಇಟ್ಟುಕೊಳ್ಳುವವರಿಗೆ ತದ್ರೂಪಿ ಬೆಂಚುಗಳು ತಯಾರಾಗುತ್ತವೆ.

ಹಲಗೆಯ ಕೆಲಸ ಸುಲಭ. ಒಳ್ಳೆಯ ಮರ ಸಿಕ್ಕರೆ ಯಾವ ಬಡಗಿಯೂ ಮಾಡಿಯಾನು. ಕಷ್ಟವಿರುವುದು ಕಬ್ಬಿಣದ ಕಾಲಿನಲ್ಲಿ. ಹಳೆಯ ಕಾಲನ್ನೇ ಮರಳಿನಲ್ಲಿ ಒತ್ತಿ, ಅಚ್ಚು ತೆಗೆದು, ಕರಗಿದ ಕಬ್ಬಿಣ ಸುರಿದರೆ ಸಾಲದೇ? ಸಾಲದು. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. 80 ಸೆಂಟಿಮೀಟರ್ ಎತ್ತರದ ಕಾಲಿನ ನಕಲು ಸುಮಾರು 8 ಮಿಲಿಮೀಟರ್ ಗಿಡ್ಡವಾಗಿ ಹೊರಬರುತ್ತದೆ. ಆ ನಕಲಿನಿಂದ ಮತ್ತೊಂದು ನಕಲು ತೆಗೆದರೆ ಇನ್ನಷ್ಟು ಗಿಡ್ಡ.

ಅದಕ್ಕೇ ಬಲ್ಲವರು ಮೊದಲು ಮರದಲ್ಲಿ ಮಾದರಿ ಕಡೆಯುತ್ತಾರೆ. ಫೌಂಡ್ರಿಯಲ್ಲಿ ಇದಕ್ಕೆ ‘ಪ್ಯಾಟರ್ನ್’ ಎಂದು ಹೆಸರು. ಇದನ್ನು ಮಾಡುವವರ ಸ್ಕೇಲು ನಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಲ್ಲ. ಅದರಲ್ಲಿ ಒಂದು ಮೀಟರ್ ಎಂದು ಗುರುತಿರುವ ಉದ್ದ ನಿಜವಾಗಿ ಒಂದು ಮೀಟರಿಗಿಂತ ಸುಮಾರು ಒಂದು ಸೆಂಟಿಮೀಟರ್ ಹೆಚ್ಚು. ಕುಗ್ಗುವುದನ್ನು ಮೊದಲೇ ಲೆಕ್ಕ ಹಿಡಿದ ಅಳತೆ ಅದು! ಫೌಂಡ್ರಿಗಳಿಗೆ ಹೆಸರಾದ ಬೆಳಗಾವಿ ಗೋಕಾಕದಿಂದ ದೂರವೇನಿಲ್ಲ. ಯಂತ್ರದ ಬಿಡಿಭಾಗವಾಗಲಿ, ಬೆಂಚಿನ ಕಾಲಾಗಲಿ, ಎರಕದ ನಿಯಮ ಒಂದೇ.

ಅಸಲಿ ಯಾವುದು, ತದ್ರೂಪಿ ಯಾವುದು ಎಂದು ತಿಳಿಯಲೂ ಕೆಲವೊಮ್ಮೆ ಇದೇ ಗಣಿತ ನೆರವಾಗುತ್ತದೆ. ಅಸಲಿಯ ಅಳತೆ ಗೊತ್ತಿದ್ದರೆ ಟೇಪು ಹಿಡಿಯಬೇಕು. ಜೇಬಿನಲ್ಲಿ ಅಯಸ್ಕಾಂತವಿದ್ದರೆ ಇನ್ನೂ ಒಳ್ಳೆಯದು. ಈಗಿನ ಕೆಲವು ನಕಲುಗಳ ಕಾಲು ಅಲ್ಯೂಮಿನಿಯಮ್ಮಿನದು, ಅಯಸ್ಕಾಂತ ಅಂಟುವುದಿಲ್ಲ.

ನಕಲು ಎಂದರೆ ಮೋಸವೆಂದೇ ತಿಳಿಯಬೇಕಿಲ್ಲ. ಗೋಕಾಕ ಎಂದರೆ ಕರದಂಟು ಮಾತ್ರವಲ್ಲ, ಮರದ ಗೊಂಬೆಗಳೂ ಹೌದು. ಅಲ್ಲಿನ ಕುಶಲಕರ್ಮಿಗಳು ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣು, ತರಕಾರಿ ನೋಡಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಅದನ್ನು ಯಾರೂ ನಿಜವಾದ ಹಣ್ಣೆಂದು ಮಾರುವುದಿಲ್ಲ. ಬೆಂಚಿಗೂ ಅದೇ ಮಾತು. ತಯಾರಾದ ವರ್ಷವನ್ನು ಅಡಿಯಲ್ಲಿ ಕೊರೆದರೆ ಅದು ಕಲೆ; ಮಣ್ಣು ಮೆತ್ತಿ, ತುಕ್ಕು ಹಿಡಿಸಿ ನೂರು ವರ್ಷದ್ದೆಂದು ಮಾರಿದರೆ ಅದು ವಂಚನೆ.

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಇದೆ. ಹುಬ್ಬಳ್ಳಿಯದು 2020ರಲ್ಲಿ ತೆರೆಯಿತು. ಹಾಗೆಂದು ಊರೂರಿನ ಬೆಂಚುಗಳನ್ನೆಲ್ಲ ಅಲ್ಲಿಗೆ ಸಾಗಿಸಲಾಗದು. ಅಳತೆಯನ್ನಂತೂ ಉಳಿಸಿಕೊಳ್ಳಬಹುದು. ರಜೆಯಲ್ಲಿ ಮಕ್ಕಳು ಸ್ಟೇಷನ್ ಮಾಸ್ತರರ ಒಪ್ಪಿಗೆ ಪಡೆದು, ಹಳೆಯ ಬೆಂಚು ಕಂಡರೆ ಉದ್ದ, ಎತ್ತರ, ಹಲಗೆಯ ದಪ್ಪ, ಅದರ ಮೇಲಿನ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಶಾಲೆಯ ಹಳೆಯ ಬೆಂಚಾದರೂ ಸರಿ. ಇಂಥ ಕೆಲಸದಲ್ಲಿ ಮೈಮರೆಯುವ ಮಗ, ಮಗಳು ಮನೆಯಲ್ಲಿದ್ದರೆ, ಐಟಿಐಗಳಲ್ಲಿ ಬಡಗಿತನ ಮತ್ತು ಎರಕದ ಕೆಲಸಕ್ಕೂ ತರಬೇತಿ ಇದೆಯೆಂಬುದನ್ನು ತಂದೆ-ತಾಯಿ ನೆನಪಿಡುವುದು ಒಳ್ಳೆಯದು.

ಮುಂದೊಂದು ದಿನ ಯಾರಾದರೂ ಆ ಬೆಂಚನ್ನು ಮತ್ತೆ ಮಾಡಹೊರಟರೆ, ಅವರು ಮೊದಲು ಕೇಳುವುದು ಆ ನೋಟ್‌ಬುಕ್ಕನ್ನೇ.